ವಕೀಲರ ಕಡ್ಡಾಯ ಕಲಿಕೆ: ಗಂಟೆ ಲೆಕ್ಕ ತಪ್ಪದ ಹಾಗೆ, ಕಲಿತದ್ದು ಕೇಸಿಗೆ ಬರುವ ಹಾಗೆ

ಲೈಸೆನ್ಸ್ ನವೀಕರಣಕ್ಕೆ ಕೆಲವೇ ದಿನ ಬಾಕಿ. ಒಟ್ಟು ಗಂಟೆ ಕೂಡಿಸಿ ನೋಡಿದರೆ ಸರಿಯಾಗೇ ಇದೆ. ಆದರೆ ವೃತ್ತಿಧರ್ಮದ ಕ್ಲಾಸು ಒಂದು ಗಂಟೆ ಕಮ್ಮಿ ಬಿದ್ದಿದೆ. ಲೈಸೆನ್ಸ್ ಉಳಿಸಿಕೊಳ್ಳಲು ವಕೀಲರು ಕ್ಲಾಸುಗಳಿಗೆ ಹೋಗಿ ಕಲಿಯುತ್ತಲೇ ಇರಬೇಕು ಎಂಬ ಕಡ್ಡಾಯ ಕಲಿಕೆಯ ನಿಯಮ ಇರುವ ಕಡೆ ಅವರು ಸಿಕ್ಕಿಹಾಕಿಕೊಳ್ಳುವುದು ಬಹಳ ಸಲ ಹೀಗೇ. ಕ್ಲಾಸಿಗೆಲ್ಲ ಹೋಗಿರುತ್ತಾರೆ, ನಿಯಮವನ್ನು ಮಾತ್ರ ಪೂರ್ತಿ ಓದಿರುವುದಿಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಗಂಟೆಯೆಲ್ಲ ತುಂಬಿದೆ, ಸರ್ಟಿಫಿಕೇಟ್‌ಗಳು ಸಾಲಾಗಿ ಕೂತಿವೆ, ಆದರೆ ಆ ಕ್ಲಾಸುಗಳಿಂದ ಒಬ್ಬ ಕಕ್ಷಿದಾರನಿಗೂ ಉಪಯೋಗ ಆಗಿಲ್ಲ. ನನ್ನ ಮಟ್ಟಿಗೆ ಸರಿಪಡಿಸಬೇಕಾದದ್ದು ಮುಖ್ಯವಾಗಿ ಇದನ್ನೇ. ಆದರೂ ಲೆಕ್ಕ ತಪ್ಪಿದರೆ ಕೆಲಸ ಮಾಡುವ ಹಕ್ಕಿಗೇ ಕುತ್ತು ಬರಬಹುದು. ಹಾಗಾಗಿ ಲೆಕ್ಕದಿಂದಲೇ ಶುರು ಮಾಡೋಣ.

ನಿಮಗೆ ಅನ್ವಯಿಸುವ ನಿಯಮ ಯಾವ ಬಗೆಯದು?

ಅಮೆರಿಕದಲ್ಲಿ ಈ ಕಲಿಕೆಯನ್ನು ಸಿಎಲ್‌ಇ (ಕಂಟಿನ್ಯೂಯಿಂಗ್ ಲೀಗಲ್ ಎಜುಕೇಶನ್) ಅನ್ನುತ್ತಾರೆ. ಬ್ರಿಟನ್, ಆಸ್ಟ್ರೇಲಿಯಾ, ಹಾಂಗ್‌ಕಾಂಗ್ ಕಡೆ ಸಿಪಿಡಿ (ಕಂಟಿನ್ಯೂಯಿಂಗ್ ಪ್ರೊಫೆಷನಲ್ ಡೆವಲಪ್‌ಮೆಂಟ್) ಎಂಬ ಹೆಸರು ಜಾಸ್ತಿ ಬಳಕೆಯಲ್ಲಿದೆ. ಅಮೆರಿಕದಲ್ಲಿ ಇದನ್ನು ಮೊದಲು ಕಡ್ಡಾಯ ಮಾಡಿದ್ದು ಮಿನೆಸೋಟ ಮತ್ತು ಐಯೋವಾ ರಾಜ್ಯಗಳು, 1975ರಲ್ಲಿ. ಆಮೇಲೆ ಹೆಚ್ಚಿನ ರಾಜ್ಯಗಳು ಅದೇ ದಾರಿ ಹಿಡಿದವು. ಆದರೂ ಮ್ಯಾಸಚೂಸೆಟ್ಸ್, ಮಿಶಿಗನ್, ಮೇರಿಲ್ಯಾಂಡ್ ರಾಜ್ಯಗಳಲ್ಲಿ ಇಂಥ ಗಂಟೆಗಳ ಕಡ್ಡಾಯ ಇಲ್ಲ. ಅಂದರೆ ಒಂದೇ ದೇಶದೊಳಗೂ ನಿಯಮ ಒಂದೇ ಅಲ್ಲ. ನಿಮಗೆ ಲೈಸೆನ್ಸ್ ಕೊಟ್ಟ ಸಂಸ್ಥೆ ಏನು ಹೇಳುತ್ತದೆ ಎನ್ನುವುದೇ ಲೆಕ್ಕಕ್ಕೆ ಬರುವುದು. ಗೆಳೆಯರು ಹೇಳಿದ್ದನ್ನು ನಂಬಿ ಕೂರಬೇಡಿ, ಅವರ ಲೈಸೆನ್ಸ್ ಬೇರೆ ಕಡೆಯದಿರಬಹುದು.

ಮೊದಲನೆಯ ಬಗೆ ಗಂಟೆ ಎಣಿಸುವುದು. ನ್ಯೂಯಾರ್ಕ್‌ನಲ್ಲಿ ಎರಡು ವರ್ಷಕ್ಕೆ 24 ಕ್ರೆಡಿಟ್ (ಕಲಿಕೆಯ ಸಮಯ ಎಣಿಸುವ ಅಳತೆ). ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷಕ್ಕೆ 25 ಗಂಟೆ. ಟೆಕ್ಸಾಸ್‌ನಲ್ಲಿ ವರ್ಷಕ್ಕೆ 15. ಕೆನಡಾದ ಒಂಟಾರಿಯೊದಲ್ಲಿ ವರ್ಷಕ್ಕೆ 12. ಫಿಲಿಪೀನ್ಸ್‌ನಲ್ಲಿ ಮೂರು ವರ್ಷಕ್ಕೆ 36.

ಎರಡನೆಯ ಬಗೆಯಲ್ಲಿ ಗಂಟೆ ಕೇಳುವುದಿಲ್ಲ. ನಿಮ್ಮ ಕೆಲಸದಲ್ಲಿ ಎಲ್ಲಿ ಕೊರತೆ ಇದೆ, ಅದನ್ನು ಹೇಗೆ ತುಂಬಿಕೊಂಡಿರಿ ಎಂದು ಕೇಳುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಕ್ಷಿದಾರರಿಗೆ ನೇರವಾಗಿ ಸಲಹೆ ಕೊಡುವ, ದಾಖಲೆ ಸಿದ್ಧಪಡಿಸುವ ವಕೀಲರಾದ ಸಾಲಿಸಿಟರ್‌ಗಳಿಗೆ ಮೊದಲು ವರ್ಷಕ್ಕೆ 16 ಗಂಟೆಯ ನಿಯಮ ಇತ್ತು. 2016ರ ನವೆಂಬರ್ 1ರಿಂದ ಅದನ್ನು ತೆಗೆದುಹಾಕಿದರು. ಈಗ ಅವರು ಪ್ರತಿವರ್ಷ ಲೈಸೆನ್ಸ್ ನವೀಕರಿಸುವಾಗ, ತಮ್ಮ ಕೆಲಸವನ್ನು ತಾವೇ ಪರಿಶೀಲಿಸಿ ಬೇಕಾದದ್ದನ್ನು ಕಲಿತಿದ್ದೇವೆ ಎಂದು ಘೋಷಿಸಬೇಕು. ಅಲ್ಲಿನ ಬ್ಯಾರಿಸ್ಟರ್‌ಗಳಲ್ಲಿ, ಅಂದರೆ ಮುಖ್ಯವಾಗಿ ಕೋರ್ಟಿನಲ್ಲಿ ವಾದಿಸುವ ವಕೀಲರಲ್ಲಿ, ಹೊಸಬರಿಗೆ ಮಾತ್ರ ಗಂಟೆ ಉಳಿದಿದೆ. ಮೊದಲ ಮೂರು ವರ್ಷದಲ್ಲಿ 45 ಗಂಟೆ, ಅದರಲ್ಲಿ 9 ಗಂಟೆ ವಾದ ಮಂಡನೆ, 3 ಗಂಟೆ ವೃತ್ತಿಧರ್ಮ. ಅನುಭವಿಗಳು ತಾವೇ ಯೋಜನೆ ಹಾಕಿಕೊಂಡು ದಾಖಲೆ ಇಡಬೇಕು. ನ್ಯೂಜಿಲೆಂಡ್ ಎರಡನ್ನೂ ಸೇರಿಸಿದೆ. ಅಲ್ಲಿ ವರ್ಷಕ್ಕೆ 10 ಗಂಟೆಯೂ ಬೇಕು, ಬರೆದಿಟ್ಟ ಯೋಜನೆಯೂ ಬೇಕು.

ಭಾರತದಲ್ಲಿ ವಕೀಲರೆಲ್ಲರೂ ವರ್ಷಕ್ಕೆ ಇಷ್ಟು ಗಂಟೆ ಕಲಿಯಲೇಬೇಕು ಎಂಬ ನಿಯಮ ಇಲ್ಲ. ಅಖಿಲ ಭಾರತ ಬಾರ್ ಪರೀಕ್ಷೆ ಇದೆ, ಅದು ಸರಿ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರಲ್ಲಿ ಹೇಳಿದೆ. ಆದರೆ ಅದು ವೃತ್ತಿಗೆ ಬರುವ ಬಾಗಿಲಲ್ಲಿ ಒಂದು ಸಲ ಬರೆಯುವ ಪರೀಕ್ಷೆ, ಆಮೇಲಿನ ಕಲಿಕೆಗೆ ಸಂಬಂಧಪಟ್ಟದ್ದಲ್ಲ. 1961ರ ಅಡ್ವೊಕೇಟ್ಸ್ ಕಾಯ್ದೆ ವಿಚಾರಗೋಷ್ಠಿ, ಉಪನ್ಯಾಸ ನಡೆಸುವುದನ್ನು ಬಾರ್ ಕೌನ್ಸಿಲ್‌ಗಳ ಕೆಲಸಗಳಲ್ಲಿ ಸೇರಿಸಿದೆ. ಬರುವುದು ಬಿಡುವುದು ವಕೀಲರ ಇಷ್ಟ. ಕಡ್ಡಾಯ ಇಲ್ಲದ ಕಡೆ ಇರುವವರು ಎರಡನೆಯ ಬಗೆಯನ್ನು ತಾವಾಗೇ ಪಾಲಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಯಾಕೆಂದು ಮುಂದೆ ಹೇಳುತ್ತೇನೆ.

ನಿಯಮದಲ್ಲಿ ನಾಲ್ಕು ವಿಷಯ ಹುಡುಕಿ

ಒಟ್ಟು ಎಷ್ಟು, ಅದರೊಳಗೆ ಯಾವ ವಿಷಯಕ್ಕೆ ಎಷ್ಟು, ಯಾವಾಗಿನಿಂದ ಯಾವಾಗಿನವರೆಗೆ, ಒಂದು ಕ್ರೆಡಿಟ್ ಅಂದರೆ ಎಷ್ಟು ನಿಮಿಷ. ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಅರ್ಧ ಗೊಂದಲ ಅಲ್ಲಿಗೇ ಕಳೆಯುತ್ತದೆ.

ನ್ಯೂಯಾರ್ಕ್ ಲೈಸೆನ್ಸ್ ಇರುವ ಅನುಭವಿ ವಕೀಲರ ಲೆಕ್ಕ ತೆಗೆದುಕೊಳ್ಳಿ. ಒಟ್ಟು 24. ಅದರಲ್ಲಿ ಕನಿಷ್ಠ 4 ವೃತ್ತಿಧರ್ಮಕ್ಕೆ. 1 ಕ್ರೆಡಿಟ್ ವೈವಿಧ್ಯ ಮತ್ತು ಪೂರ್ವಗ್ರಹ ನಿವಾರಣೆಗೆ. 2023ರ ಜುಲೈ 1ರಿಂದ ಇನ್ನೊಂದು ಸೇರಿದೆ, ಸೈಬರ್ ಸುರಕ್ಷತೆ ಮತ್ತು ಡೇಟಾ ರಕ್ಷಣೆಗೆ 1. ಇವು ಕಳೆದರೆ 18 ಕ್ರೆಡಿಟ್ ನಿಮ್ಮ ಆಯ್ಕೆಗೆ ಬಿಟ್ಟದ್ದು. ಅಲ್ಲಿ ಒಂದು ಕ್ರೆಡಿಟ್ ಅಂದರೆ 50 ನಿಮಿಷ. ಹಾಗಾಗಿ 24 ಕ್ರೆಡಿಟ್‌ಗೆ ನೀವು ನಿಜವಾಗಿ ಕೂರಬೇಕಾದದ್ದು 20 ಗಂಟೆ. ಕ್ಯಾಲಿಫೋರ್ನಿಯಾದಲ್ಲಿ ಗಂಟೆ ಅಂದರೆ 60 ನಿಮಿಷವೇ. ನ್ಯೂಯಾರ್ಕ್‌ಗೆ ಒಂದೂವರೆ ಕ್ರೆಡಿಟ್ ತಂದುಕೊಡುವ 75 ನಿಮಿಷದ ಕ್ಲಾಸು ಅಲ್ಲಿ ಒಂದೂಕಾಲು ಗಂಟೆಯೇ. ಎರಡೂ ಕಡೆ ಲೈಸೆನ್ಸ್ ಇದ್ದವರು ಲೆಕ್ಕ ತಪ್ಪುವುದು ಇಲ್ಲೇ.

ಹೊಸಬರಿಗೆ ಲೆಕ್ಕವೇ ಬೇರೆ. ನ್ಯೂಯಾರ್ಕ್‌ನಲ್ಲಿ ಮೊದಲ ಎರಡು ವರ್ಷ, ವರ್ಷಕ್ಕೆ 16 ಕ್ರೆಡಿಟ್. ಅದರಲ್ಲಿ 3 ವೃತ್ತಿಧರ್ಮ, 6 ಕೌಶಲ, 7 ಕಚೇರಿ ನಿರ್ವಹಣೆ ಮತ್ತು ಕಾನೂನಿನ ವಿಷಯಗಳು. ಯಾವ ರೂಪದ ಕ್ಲಾಸು ನಡೆಯುತ್ತದೆ ಎನ್ನುವುದರಲ್ಲೂ ಹೊಸಬರಿಗೆ ಬಿಗಿ ಜಾಸ್ತಿ. ಸೀನಿಯರ್ ಒಬ್ಬರು ಕೊಟ್ಟ ಕ್ಲಾಸಿನ ಲಿಂಕು ಅವರಿಗೆ ಸಲ್ಲುತ್ತದೆ, ನಿಮಗೆ ಸಲ್ಲದೇ ಇರಬಹುದು.

ಅವಧಿಯ ವಿಷಯಕ್ಕೆ ಬಂದರೆ ಕ್ಯಾಲೆಂಡರ್ ವರ್ಷ ಎಂದು ಊಹಿಸಿಕೊಳ್ಳಬೇಡಿ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಏಪ್ರಿಲ್ 1ರಿಂದ ಮಾರ್ಚ್ 31. ಹಾಂಗ್‌ಕಾಂಗ್‌ನಲ್ಲಿ ನವೆಂಬರ್ 1ರಿಂದ ಅಕ್ಟೋಬರ್ 31. ಟೆಕ್ಸಾಸ್‌ನಲ್ಲಿ ನೀವು ಹುಟ್ಟಿದ ತಿಂಗಳಿನಿಂದ ವರ್ಷ ಶುರು. ನ್ಯೂಯಾರ್ಕ್‌ನಲ್ಲಿ ಎರಡು ವರ್ಷಕ್ಕೊಮ್ಮೆ, ಹುಟ್ಟುಹಬ್ಬ ಕಳೆದ 30 ದಿನದೊಳಗೆ ನೋಂದಣಿ ನವೀಕರಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಕೊನೆಯ ಹೆಸರಿನ ಮೊದಲ ಅಕ್ಷರ ನೋಡಿ ವಕೀಲರನ್ನು ಮೂರು ಗುಂಪು ಮಾಡಿದ್ದಾರೆ, ಒಂದೊಂದು ವರ್ಷ ಒಂದೊಂದು ಗುಂಪಿನ ಸರದಿ. ಕೊನೆಯ ದಿನಾಂಕ ಗೊತ್ತಾದ ಕೂಡಲೇ ಅದಕ್ಕಿಂತ ಮೂರು ತಿಂಗಳು ಹಿಂದಿನ ಒಂದು ದಿನವನ್ನು ಡೈರಿಯಲ್ಲಿ ಗುರುತು ಹಾಕಿ. ನಿಮ್ಮ ನಿಜವಾದ ಗಡುವು ಅದು.

ಯಾವುದು ಎಣಿಕೆಗೆ ಬರುತ್ತದೆ, ಯಾವುದು ಬರುವುದಿಲ್ಲ

ಕ್ಲಾಸು ಚೆನ್ನಾಗಿದ್ದರೆ ಸಾಲದು, ನಡೆಸುವವರಿಗೆ ಮಾನ್ಯತೆ ಇರಬೇಕು. ದುಡ್ಡು ಕಟ್ಟುವ ಮೊದಲು ಮಾನ್ಯತೆ ಯಾವ ರಾಜ್ಯದ್ದು, ಯಾವ ವಿಷಯದ ಅಡಿ ಎಷ್ಟು ಕ್ರೆಡಿಟ್ ಎಂದು ಕೇಳಿ. ಕ್ಲಾಸಿನ ಹೆಸರಲ್ಲಿ ‘ಎಥಿಕ್ಸ್’ ಎಂದಿದ್ದರೂ ಸರ್ಟಿಫಿಕೇಟಿನಲ್ಲಿ ಅದು ಸಾಮಾನ್ಯ ವಿಷಯ ಎಂದು ನಮೂದಾಗಿದ್ದರೆ ನಿಮ್ಮ ವೃತ್ತಿಧರ್ಮದ ಕೋಟಾ ತುಂಬುವುದಿಲ್ಲ.

ರೆಕಾರ್ಡ್ ಮಾಡಿದ ಕ್ಲಾಸು ನೋಡುವಾಗ ಸುಮ್ನೆ ಓಡಿಸಿಬಿಟ್ಟು ಬೇರೆ ಕೆಲಸ ಮಾಡುವಂತಿಲ್ಲ. ನ್ಯೂಯಾರ್ಕ್ ಮಾನ್ಯತೆಯ ಕ್ಲಾಸುಗಳಲ್ಲಿ ನಡುನಡುವೆ ಒಂದು ಕೋಡ್ ಹೇಳುತ್ತಾರೆ ಇಲ್ಲವೇ ತೋರಿಸುತ್ತಾರೆ. ಅದನ್ನು ಬರೆದುಕೊಂಡು ಕೊನೆಗೆ ಒಪ್ಪಿಸಿದರೆ ಮಾತ್ರ ಸರ್ಟಿಫಿಕೇಟ್. ಕ್ಯಾಲಿಫೋರ್ನಿಯಾದಲ್ಲಿ 25ರಲ್ಲಿ ಕನಿಷ್ಠ 12.5 ಗಂಟೆ, ಹಾಜರಾತಿಯನ್ನು ನಡೆಸುವವರೇ ಖಾತ್ರಿ ಮಾಡಿಕೊಳ್ಳುವಂಥ ಕ್ಲಾಸುಗಳಿಂದ ಬರಬೇಕು. ಸ್ವಂತ ಓದು ಉಳಿದ ಅರ್ಧಕ್ಕಷ್ಟೇ.

ಕ್ಲಾಸಿನಲ್ಲಿ ಕೂರುವುದೊಂದೇ ದಾರಿಯೂ ಅಲ್ಲ. ಪಾಠ ಮಾಡಿದರೂ ಕ್ರೆಡಿಟ್ ಸಿಗುತ್ತದೆ. ನ್ಯೂಯಾರ್ಕ್‌ನಲ್ಲಿ ಮಾನ್ಯತೆ ಪಡೆದ ಕ್ಲಾಸಿನಲ್ಲಿ 50 ನಿಮಿಷ ಉಪನ್ಯಾಸ ಕೊಟ್ಟರೆ 3 ಕ್ರೆಡಿಟ್. ಬಡವರಿಗೆ ಉಚಿತವಾಗಿ ಕೇಸು ನಡೆಸಿಕೊಟ್ಟರೆ ಅನುಭವಿ ವಕೀಲರಿಗೆ ಒಂದು ಅವಧಿಯಲ್ಲಿ 10 ಕ್ರೆಡಿಟ್‌ವರೆಗೆ ಸಿಗಬಹುದು. ಇದಕ್ಕೆ ಅನುಮೋದನೆ ಇರುವ ಸಂಸ್ಥೆಯ ಮೂಲಕವೇ ಕೇಸು ಬಂದಿರಬೇಕು. ನನಗೆ ಈ ಕೊನೆಯದು ತುಂಬ ಇಷ್ಟವಾದ ನಿಯಮ. ಬಾಡಿಗೆದಾರನೊಬ್ಬನನ್ನು ಮನೆಯಿಂದ ಹೊರಹಾಕದಂತೆ ತಡೆಯುವ ಕೇಸು ನಡೆಸಿದರೆ, ಆ ಕಾನೂನು ಯಾವ ಸ್ಲೈಡ್‌ಗಿಂತಲೂ ಚೆನ್ನಾಗಿ ತಲೆಗೆ ಹತ್ತುತ್ತದೆ, ಅಲ್ವಾ?

ಖರ್ಚಿನ ಚಿಂತೆ ಇದ್ದವರು ಕೇಳಲು ಹಿಂಜರಿಯಬೇಡಿ. ನ್ಯೂಯಾರ್ಕ್‌ನಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳು ಕಷ್ಟದಲ್ಲಿರುವ ವಕೀಲರಿಗೆ ಶುಲ್ಕದಲ್ಲಿ ನೆರವು ಕೊಡುವ ನೀತಿ ಇಟ್ಟುಕೊಂಡಿರಲೇಬೇಕು. ಕೇಳದಿದ್ದರೆ ತಾವಾಗಿ ಹೇಳುವವರು ಕಮ್ಮಿ.

ಕ್ಲಾಸು ಆರಿಸುವ ಮೊದಲು ನಿಮ್ಮ ಫೈಲುಗಳನ್ನು ತೆಗೆದು ನೋಡಿ

ಹೆಚ್ಚಿನವರು ಕ್ಲಾಸಿನ ಪಟ್ಟಿ ಮುಂದಿಟ್ಟುಕೊಂಡು, ಯಾವುದು ಅಗ್ಗ, ಯಾವುದು ಭಾನುವಾರ ಎಂದು ನೋಡಿ ಆರಿಸುತ್ತಾರೆ. ಬಿಡುವಿಲ್ಲದವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಪಟ್ಟಿ ತೆರೆಯುವ ಮೊದಲು ಒಂದು ಸಂಜೆ ಕಳೆದ ವರ್ಷದ ಫೈಲುಗಳ ಜೊತೆ ಕೂರಿ.

ಪ್ರತಿ ಫೈಲಿಗೂ ಕೆಲವು ಪ್ರಶ್ನೆ ಹಾಕಿ. ಎಲ್ಲಿ ಸೀನಿಯರ್‌ಗೆ ಫೋನ್ ಮಾಡಬೇಕಾಯಿತು? ಯಾವ ಅರ್ಜಿ ಆಕ್ಷೇಪಣೆ ಬಿದ್ದು ವಾಪಸ್ ಬಂತು? ಜಡ್ಜ್ ಕೇಳಿದ ಯಾವ ಪ್ರಶ್ನೆಗೆ ಸಮಯ ಕೇಳಬೇಕಾಯಿತು? ಎದುರು ವಕೀಲರು ತಂದ ಯಾವ ತೀರ್ಪು ನಿಮಗೆ ಹೊಸದಾಗಿತ್ತು? ಕಕ್ಷಿದಾರರಿಗೆ ಯಾವ ವಿಷಯ ಎರಡೆರಡು ಸಲ ವಿವರಿಸಬೇಕಾಯಿತು? ಉತ್ತರಗಳನ್ನು ಬರೆದಿಟ್ಟರೆ ಒಂದೇ ಬಗೆಯ ಕೊರತೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಒಬ್ಬರಿಗೆ ಅದು ಎಲೆಕ್ಟ್ರಾನಿಕ್ ಸಾಕ್ಷ್ಯ, ಇನ್ನೊಬ್ಬರಿಗೆ ಪಾಟೀ ಸವಾಲು, ಮತ್ತೊಬ್ಬರಿಗೆ ಫೀಸಿನ ಒಪ್ಪಂದ ಬರೆಯುವುದು. ಆ ಕೊರತೆಗೆ ತಕ್ಕ ಕ್ಲಾಸನ್ನು ಮೊದಲು ಹುಡುಕಿ. ಗಂಟೆ ತುಂಬಿಸುವ ಕ್ಲಾಸುಗಳು ಆಮೇಲೆ.

ಭಾರತದ ಉದಾಹರಣೆಯಿಂದ ಇದರ ಬೆಲೆ ಗೊತ್ತಾಗುತ್ತದೆ. 2024ರ ಜುಲೈ 1ರಂದು ಮೂರು ಹೊಸ ಕ್ರಿಮಿನಲ್ ಕಾನೂನು ಒಟ್ಟಿಗೇ ಜಾರಿಗೆ ಬಂದವು. ಭಾರತೀಯ ದಂಡ ಸಂಹಿತೆಯ 511 ಸೆಕ್ಷನ್‌ಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 358 ಸೆಕ್ಷನ್ ಬಂದವು. ಸೆಕ್ಷನ್ ನಂಬರ್ ಬಾಯಿಪಾಠ ಮಾಡಿಕೊಂಡಿದ್ದವರು ಮತ್ತೆ ಮೊದಲಿನಿಂದ ಓದಬೇಕಾಯಿತು. ಬರೀ ನಂಬರ್ ಬದಲಾಗಿದ್ದರೆ ಒಂದು ಚಾರ್ಟ್ ಸಾಕಿತ್ತು. ವಿಧಾನವೂ ಬದಲಾಗಿದೆ. ಎಲೆಕ್ಟ್ರಾನಿಕ್ ದಾಖಲೆ ಹಾಜರುಪಡಿಸಲು ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಸೆಕ್ಷನ್ ಅಡಿ ಒಂದು ಸರ್ಟಿಫಿಕೇಟ್ ಕೊಡುತ್ತಿದ್ದರು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್. ಅದರ ನಮೂನೆಯಲ್ಲಿ ಎರಡು ಭಾಗ ಇದೆ, ಒಂದನ್ನು ಪಕ್ಷಗಾರರು ತುಂಬಬೇಕು, ಇನ್ನೊಂದನ್ನು ತಜ್ಞರು. ದಾಖಲೆಯ ಹ್ಯಾಶ್ ವ್ಯಾಲ್ಯೂ ಕೂಡ ನಮೂದಿಸಬೇಕು, ಅದು ಫೈಲ್ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು. ಅದನ್ನು ತೆಗೆಯುವುದು ಹೇಗೆ ಎಂದು ಗೊತ್ತಿಲ್ಲದ ವಕೀಲರ ಕೈಯಲ್ಲಿ ಒಳ್ಳೆಯ ಆಡಿಯೋ ಸಾಕ್ಷ್ಯವೂ ಹಾಳಾಗಬಹುದು. ಕಲಿಯಲೇಬೇಕೆಂದು ಯಾರೂ ಗಂಟೆ ನಿಗದಿ ಮಾಡಿಲ್ಲ. ನಷ್ಟ ಮಾತ್ರ ಕಕ್ಷಿದಾರನಿಗೆ. ಕಡ್ಡಾಯ ಇಲ್ಲದ ಕಡೆಯೂ ಯೋಜನೆ ಹಾಕಿಕೊಂಡು ಕಲಿಯಿರಿ ಎಂದು ನಾನು ಹೇಳುವುದು ಇದಕ್ಕೇ.

ತಂತ್ರಜ್ಞಾನದ ಕ್ಲಾಸುಗಳನ್ನು ಕಂಪ್ಯೂಟರ್ ಗೊತ್ತಿರುವ ಜೂನಿಯರ್‌ಗೆ ಬಿಡುವ ಅಭ್ಯಾಸ ಇದೆ. ಇದನ್ನು ಬಿಟ್ಟುಬಿಡಬೇಕು. ಅಮೆರಿಕನ್ ಬಾರ್ ಅಸೋಸಿಯೇಷನ್ 2012ರಲ್ಲೇ ತನ್ನ ಮಾದರಿ ನಿಯಮದ ವಿವರಣೆಯಲ್ಲಿ, ವಕೀಲರು ತಂತ್ರಜ್ಞಾನದ ಲಾಭ ಮತ್ತು ಅಪಾಯ ಎರಡನ್ನೂ ತಿಳಿದಿರಬೇಕು ಎಂದು ಸೇರಿಸಿತು. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟಿನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಚಾಟ್‌ಜಿಪಿಟಿ ಕೊಟ್ಟ, ಇಲ್ಲವೇ ಇಲ್ಲದ ತೀರ್ಪುಗಳನ್ನು ವಕೀಲರು ಅರ್ಜಿಯಲ್ಲಿ ಉಲ್ಲೇಖಿಸಿದ್ದರು. ಕೋರ್ಟು 5,000 ಡಾಲರ್ ದಂಡ ಹಾಕಿತು. ಒಂದು ಗಂಟೆಯ ಒಳ್ಳೆಯ ಕ್ಲಾಸು ಆ ಅವಮಾನ ತಪ್ಪಿಸಬಹುದಿತ್ತು. 2024ರ ಜುಲೈನಲ್ಲಿ ಅದೇ ಬಾರ್ ಅಸೋಸಿಯೇಷನ್, ಇಂಥ ಎಐ ಸಾಧನಗಳನ್ನು ಬಳಸುವಾಗ ಗೌಪ್ಯತೆ, ಫೀಸು, ಪರಿಶೀಲನೆ ಹೇಗಿರಬೇಕು ಎಂದು ವಿವರವಾದ ಅಭಿಪ್ರಾಯ ಹೊರಡಿಸಿತು. ಈ ವರ್ಷ ಒಂದೇ ಒಂದು ಕ್ಲಾಸಿಗೆ ಸಮಯ ಇದ್ದರೆ ಈ ವಿಷಯದ್ದನ್ನೇ ಆರಿಸಿ ಎನ್ನುತ್ತೇನೆ.

ಗಂಟೆಗಳನ್ನು ಹಂಚುವುದು ಸುಲಭ. ಎರಡು ವರ್ಷಕ್ಕೆ 24 ಕ್ರೆಡಿಟ್ ಅಂದರೆ ತಿಂಗಳಿಗೆ ಒಂದು. ವೃತ್ತಿಧರ್ಮದಂಥ ಪ್ರತ್ಯೇಕ ಕೋಟಾಗಳನ್ನು ಮೊದಲ ಆರು ತಿಂಗಳಲ್ಲೇ ಮುಗಿಸಿ. ಉಳಿದದ್ದು ಹೇಗೂ ತುಂಬುತ್ತದೆ.

ಕ್ಲಾಸು ಮುಗಿದ ದಿನವೇ ಬರೆದಿಡಿ

ಗಂಟೆ ಎಣಿಸುವ ಕಡೆ ದಾಖಲೆ ಅಂದರೆ ಸರ್ಟಿಫಿಕೇಟ್. ನ್ಯೂಯಾರ್ಕ್‌ನಲ್ಲಿ ಅದನ್ನು ನಾಲ್ಕು ವರ್ಷ ಇಟ್ಟುಕೊಂಡಿರಬೇಕು. ಇಮೇಲ್‌ನಲ್ಲಿ ಬಂದದ್ದನ್ನು ಅಲ್ಲೇ ಬಿಡಬೇಡಿ, ಕಚೇರಿ ಬದಲಿಸಿದರೆ ಆ ಇಮೇಲ್ ಖಾತೆಯೂ ಹೋಗುತ್ತದೆ. ನಿಮ್ಮ ಸ್ವಂತ ಫೋಲ್ಡರ್ ಒಂದರಲ್ಲಿ ದಿನಾಂಕದ ಹೆಸರಿಟ್ಟು ಉಳಿಸಿ. ಸರ್ಟಿಫಿಕೇಟಿನಲ್ಲಿ ನಿಮ್ಮ ಹೆಸರು ನೋಂದಣಿಯಲ್ಲಿ ಇರುವ ಹಾಗೇ ಇದೆಯೇ ಎಂದು ಅದೇ ದಿನ ನೋಡಿ. ಇನಿಶಿಯಲ್ ಹಿಂದೆ ಮುಂದೆ ಆಗುವುದು ನಮ್ಮವರಿಗೆ ಸಾಮಾನ್ಯ.

ಎರಡನೆಯ ಬಗೆಯ, ಅಂದರೆ ತಮ್ಮ ಕೆಲಸವನ್ನು ತಾವೇ ಪರಿಶೀಲಿಸುವ ನಿಯಮ ಇರುವ ಕಡೆ ಸರ್ಟಿಫಿಕೇಟ್ ಸಾಲುವುದಿಲ್ಲ. ಯಾಕೆ ಕಲಿತಿರಿ, ಏನು ಬದಲಾಯಿತು ಎಂದು ಬರೆದಿರಬೇಕು. ಅನೇಕರು ಹೀಗೆ ಬರೆದು ಮುಗಿಸುತ್ತಾರೆ: ‘ಎಲೆಕ್ಟ್ರಾನಿಕ್ ಸಾಕ್ಷ್ಯದ ಬಗ್ಗೆ ವೆಬಿನಾರ್. 2 ಗಂಟೆ. ಉಪಯುಕ್ತವಾಗಿತ್ತು.’ ಇದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ, ಆರು ತಿಂಗಳ ನಂತರ ನಿಮಗೇ ತಿಳಿಯುವುದಿಲ್ಲ.

ಹೀಗೆ ಬರೆದು ನೋಡಿ: ‘ಹಣ ವಸೂಲಿ ದಾವೆಯೊಂದರಲ್ಲಿ ಕಕ್ಷಿದಾರರು ವಾಟ್ಸ್ಆ್ಯಪ್ ಸಂದೇಶದ ಸ್ಕ್ರೀನ್‌ಶಾಟ್ ತಂದರು. ಮೂಲ ಫೋನ್ ಉಳಿಸಿಕೊಳ್ಳಿ ಎಂದು ನಾನು ಮೊದಲೇ ಹೇಳಿರಲಿಲ್ಲ. ಕ್ಲಾಸಿನಲ್ಲಿ ಹ್ಯಾಶ್ ತೆಗೆಯುವ ಕ್ರಮ ಮತ್ತು ಸರ್ಟಿಫಿಕೇಟಿನ ಎರಡು ಭಾಗ ಕಲಿತೆ. ಇನ್ನು ಮೇಲೆ ಮೊದಲ ಭೇಟಿಯಲ್ಲೇ ಕೊಡುವ ಸೂಚನಾ ಪತ್ರದಲ್ಲಿ ಫೋನ್ ಬದಲಿಸಬೇಡಿ, ಚಾಟ್ ಅಳಿಸಬೇಡಿ ಎಂಬ ಸಾಲು ಸೇರಿಸಿದ್ದೇನೆ. ಮೂರು ತಿಂಗಳ ನಂತರ ಇದು ಕೆಲಸ ಮಾಡಿತೇ ಎಂದು ನೋಡಬೇಕು.’ ಕೊರತೆ, ಕಲಿಕೆ, ಬದಲಾವಣೆ, ಮರುಪರಿಶೀಲನೆ ನಾಲ್ಕೂ ಇಲ್ಲಿವೆ. ಬರೆಯಲು ಹತ್ತು ನಿಮಿಷ ಬೇಕು. ಕಕ್ಷಿದಾರರ ಹೆಸರು, ಕೇಸ್ ನಂಬರ್ ಮಾತ್ರ ಬರೆಯಬೇಡಿ. ಈ ದಾಖಲೆಯನ್ನು ನಾಳೆ ಬೇರೆಯವರು ಓದಬಹುದು, ಗೌಪ್ಯತೆಯ ಹೊಣೆ ಇಲ್ಲೂ ನಿಮ್ಮದೇ.

ಎರಡು ಲೈಸೆನ್ಸ್ ಇದ್ದವರಿಗೆ

ಒಂದೇ ಕ್ಲಾಸು ಎರಡೂ ಕಡೆ ಸಲ್ಲುವ ಅವಕಾಶ ಎಷ್ಟೋ ಸಲ ಇರುತ್ತದೆ. ಬೇರೆ ರಾಜ್ಯಗಳಲ್ಲಿ ಮಾನ್ಯತೆ ಪಡೆದ ಕ್ಲಾಸುಗಳನ್ನು ನ್ಯೂಯಾರ್ಕ್ ತನ್ನ ಪಟ್ಟಿಯಲ್ಲಿರುವ ರಾಜ್ಯಗಳ ಮಟ್ಟಿಗೆ ಒಪ್ಪುತ್ತದೆ. ಆದರೆ ನಿಮಿಷದ ಲೆಕ್ಕ, ವಿಷಯದ ವಿಂಗಡಣೆ ಪ್ರತಿ ಕಡೆಯೂ ಬೇರೆಬೇರೆಯಾಗಿ ಹಾಕಬೇಕು. ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆದುಕೊಳ್ಳಿ. ಮುಂದಿನ ಅವಧಿಗೆ ಉಳಿಸುವ ನಿಯಮವೂ ಬೇರೆ. ನ್ಯೂಯಾರ್ಕ್‌ನಲ್ಲಿ ಹೆಚ್ಚಾದ 6 ಕ್ರೆಡಿಟ್‌ವರೆಗೆ ಮುಂದಕ್ಕೆ ಒಯ್ಯಬಹುದು, ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಒಯ್ಯುವಂತಿಲ್ಲ.

ನ್ಯೂಯಾರ್ಕ್ ಬಾರ್ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದು, ಬೇರೆ ದೇಶದಲ್ಲಿ ಕೆಲಸ ಮಾಡುವವರು ಸಾಕಷ್ಟಿದ್ದಾರೆ. ಆ ಎರಡು ವರ್ಷದ ಅವಧಿಯಲ್ಲಿ ನ್ಯೂಯಾರ್ಕ್ ಕಾನೂನು ವೃತ್ತಿ ಮಾಡದಿದ್ದರೆ ಅವರಿಗೆ ಸಿಎಲ್‌ಇ ವಿನಾಯಿತಿ ಇದೆ. ನೋಂದಣಿ ನವೀಕರಿಸುವಾಗ ಅದನ್ನು ಹೇಳಿಕೊಳ್ಳಬೇಕು. ನವೀಕರಣ ಮಾತ್ರ ಮಾಡಲೇಬೇಕು. ವಿನಾಯಿತಿ ಇದೆ ಎಂದು ಅದನ್ನೂ ಬಿಟ್ಟರೆ ಶಿಸ್ತು ಕ್ರಮ ಬರುತ್ತದೆ.

ಗಂಟೆ ಕಮ್ಮಿ ಬಿದ್ದರೆ, ಆಡಿಟ್ ಪತ್ರ ಬಂದರೆ

ಕಾಯಿಲೆ, ಹೆರಿಗೆ, ಮನೆಯಲ್ಲಿ ಸಾವು, ಇಂಥ ಕಾರಣಕ್ಕೆ ಗಂಟೆ ತುಂಬದಿದ್ದರೆ ಗಡುವು ಮುಗಿಯುವ ಮೊದಲೇ ಬರೆದು ಸಮಯ ಕೇಳಿ. ನಿಯಂತ್ರಣ ಸಂಸ್ಥೆಗಳಲ್ಲಿ ಇದಕ್ಕೆ ಅರ್ಜಿಯ ದಾರಿ ಇರುತ್ತದೆ. ಗಡುವು ಮುಗಿದ ಮೇಲೆ ಅದೇ ಕಾರಣ ಹೇಳಿದರೂ ಕೇಳುವವರ ಧಾಟಿ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ನಿಯಮ ಪಾಲಿಸದವರಿಗೆ ಮೊದಲು ಹೆಚ್ಚುವರಿ ಶುಲ್ಕ ಬೀಳುತ್ತದೆ, ಆಮೇಲೂ ಸರಿಪಡಿಸದಿದ್ದರೆ ವೃತ್ತಿ ಮಾಡುವಂತಿಲ್ಲ.

ಒಂದು ಕೆಲಸ ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಮುಗಿಸದೆ ಇದ್ದರೂ ಮುಗಿಸಿದ್ದೇನೆ ಎಂದು ಸಹಿ ಹಾಕುವುದು. ಗಂಟೆ ಕಮ್ಮಿ ಇರುವುದು ಸರಿಪಡಿಸಬಹುದಾದ ಕೊರತೆ. ಸುಳ್ಳು ಘೋಷಣೆ ಅಪ್ರಾಮಾಣಿಕತೆ, ಅದರ ವಿಚಾರಣೆ ದುರ್ನಡತೆಯ ಅಡಿ ನಡೆಯುತ್ತದೆ.

ಆಡಿಟ್ ಪತ್ರ ಬಂದರೆ ಗಾಬರಿ ಬೇಡ. ಕ್ಯಾಲಿಫೋರ್ನಿಯಾದಂಥ ಕಡೆ ಪ್ರತಿ ಅವಧಿಯಲ್ಲೂ ಕೆಲವರನ್ನು ಆರಿಸಿ ದಾಖಲೆ ಕೇಳುತ್ತಾರೆ, ನಿಮ್ಮ ಮೇಲೆ ಅನುಮಾನ ಎಂದೇನೂ ಅಲ್ಲ. ಪತ್ರದಲ್ಲಿರುವ ಅವಧಿಯ ದಿನಾಂಕಗಳನ್ನು ಮೊದಲು ನೋಡಿ. ಆ ಅವಧಿಯ ಸರ್ಟಿಫಿಕೇಟ್‌ಗಳನ್ನು ಮಾತ್ರ ತಾರೀಖಿನ ಕ್ರಮದಲ್ಲಿ ಜೋಡಿಸಿ. ಮೇಲೆ ಒಂದು ಪುಟದ ಪಟ್ಟಿ ಇಡಿ. ಒಟ್ಟು, ವಿಷಯವಾರು ಮೊತ್ತ, ಹಿಂದಿನ ಅವಧಿಯಿಂದ ತಂದದ್ದು ಇದ್ದರೆ ಅದು. ಯಾವುದಾದರೂ ಸರ್ಟಿಫಿಕೇಟ್ ಕಳೆದಿದ್ದರೆ ಕ್ಲಾಸು ನಡೆಸಿದವರಿಗೆ ಅಂದೇ ಬರೆಯಿರಿ. ಹಾಜರಾತಿಯ ದಾಖಲೆ ಅವರ ಬಳಿಯೂ ಇರುತ್ತದೆ, ಇನ್ನೊಂದು ಪ್ರತಿ ಕೊಡುತ್ತಾರೆ. ಎಲ್ಲ ಕಳಿಸಿದ ಮೇಲೆ, ತಲುಪಿದೆ ಎಂಬ ಉತ್ತರ ಬರುವವರೆಗೆ ಆ ಫೋಲ್ಡರ್ ಮುಟ್ಟಬೇಡಿ.